ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆಯೇ? ಮಲ್ಲೇಶ್ವರದ ನೆರಳಲ್ಲಿ ನಡೆಯುತ್ತ ಆರು ಫಾರ್ವರ್ಡ್‌ಗಳ ಪರೀಕ್ಷೆ

ಬೇಸಿಗೆ ಶುರುವಾದರೆ ಸಾಕು, ಮರಗಳ ಬಗ್ಗೆ ಫಾರ್ವರ್ಡ್‌ಗಳೂ ಶುರು. ಅರಳಿ ಮರ ನೂರಕ್ಕೆ ನೂರು ಇಂಗಾಲ ಹೀರುತ್ತದೆ, ಆಲ 80, ಬೇವು 75 ಎಂಬ ಪಟ್ಟಿ ಒಂದು ಗ್ರೂಪಿನಲ್ಲಿ. ಒಂದು ಮರ ಹತ್ತು ಎಸಿಗೆ ಸಮ ಎಂಬ ಚಿತ್ರ ಇನ್ನೊಂದರಲ್ಲಿ. ರಾತ್ರಿ ಮರದ ಕೆಳಗೆ ಮಲಗಿದರೆ ಸಾವು ಖಚಿತ ಎಂಬ ಎಚ್ಚರಿಕೆ ಮತ್ತೊಂದರಲ್ಲಿ. ಒಂದು ಸಂದೇಶ ಮರ ನೆಡಿ ಎನ್ನುತ್ತದೆ, ಇನ್ನೊಂದು ಮರಕ್ಕೆ ಹೆದರಿ ಎನ್ನುತ್ತದೆ. ಎರಡನ್ನೂ ನಾವು ಒಂದೇ ಬೆರಳಿನಲ್ಲಿ ಮುಂದಕ್ಕೆ ತಳ್ಳುತ್ತೇವೆ.

ಈ ಲೇಖನದಲ್ಲಿ ಅಂಥ ಆರು ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದೇವೆ. ಉದಾಹರಣೆಗೆ ಬೆಂಗಳೂರಿನ ಮಲ್ಲೇಶ್ವರವನ್ನು ಆರಿಸಿಕೊಂಡಿದ್ದೇವೆ. ಮರಗಳ ನೆರಳಿನಲ್ಲಿ ನಡೆದೇ ತರಕಾರಿ, ದೇವಸ್ಥಾನ, ಹೋಟೆಲು, ಕೆರೆ ಎಲ್ಲವನ್ನೂ ತಲುಪಬಹುದಾದ ಬಡಾವಣೆ ಅದು. ಕೊನೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಹೊರಕೆರೆದೇವಪುರದಂಥ ಊರಿಗೆ ಇದರಿಂದ ಏನು ಸಿಗುತ್ತದೆ ಎಂದೂ ನೋಡೋಣ.

ಚುಟುಕಾಗಿ ಹೇಳಬೇಕೆಂದರೆ: ಬೀದಿ ಮರದ ದೊಡ್ಡ ಉಪಕಾರ ಆಮ್ಲಜನಕವಲ್ಲ, ನೆರಳು. ನೆರಳಿದ್ದರೆ ಜನ ನಡೆಯುತ್ತಾರೆ. ನಡೆದರೆ ಆರೋಗ್ಯ. ಫಾರ್ವರ್ಡ್‌ಗಳು ಈ ಸರಳ ಸತ್ಯವನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುತ್ತವೆ.

ಮಲ್ಲೇಶ್ವರ ಹೀಗೇಕಿದೆ?

ಮಲ್ಲೇಶ್ವರಕ್ಕೆ ಹೆಸರು ಬಂದಿದ್ದು ಕಾಡು ಮಲ್ಲೇಶ್ವರ ದೇವಸ್ಥಾನದಿಂದ. ಶಿವಾಜಿಯ ಸಹೋದರ ಏಕೋಜಿ ಇಲ್ಲಿಗೆ ದತ್ತಿ ಬಿಟ್ಟ 1669ರ ಶಾಸನವಿದೆ. ಹೆಸರಿನಲ್ಲೇ ಕಾಡಿದೆ. ಆದರೆ ಇಂದಿನ ಬಡಾವಣೆ ತಾನಾಗಿ ಬೆಳೆದದ್ದಲ್ಲ, ಯೋಜನೆ ಹಾಕಿ ಕಟ್ಟಿದ್ದು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕೆಂಬ ಯೋಚನೆ ಮೊದಲೇ ಇತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಮೇಲೆ ಮಲ್ಲೇಶ್ವರ, ಬಸವನಗುಡಿ ಎರಡೂ ವೇಗವಾಗಿ ಬೆಳೆದವು.

ಆಗಿನ ಯೋಜಕರ ಮಂತ್ರ ಗಾಳಿ, ಬೆಳಕು, ನೈರ್ಮಲ್ಯ. ಕೆಟ್ಟ ಗಾಳಿಯೇ ರೋಗದ ಮೂಲ ಎಂಬ ಹಳೆಯ ನಂಬಿಕೆ ಆಗಿನ್ನೂ ಬಲವಾಗಿತ್ತು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ಗುರುತಿಸಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟ ಅದನ್ನು ಮನುಷ್ಯರಿಗೆ ಹರಡುತ್ತದೆ ಎಂಬ ಸುಳಿವು ಸಿಕ್ಕಿದ್ದೇ 1898ರಲ್ಲಿ, ಅದನ್ನು ಜಗತ್ತು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಂದರೆ ಕಾರಣ ಪೂರ್ತಿ ತಿಳಿಯುವ ಮೊದಲೇ ಒಳ್ಳೆಯ ಬಡಾವಣೆ ಸಿದ್ಧವಾಗುತ್ತಿತ್ತು. ಇಕ್ಕಟ್ಟು ಕಡಿಮೆಯಾದದ್ದರಿಂದ ಇಲಿಗಳ ಕಾಟಕ್ಕೂ ಪೆಟ್ಟು ಬಿತ್ತು.

ಮುಖ್ಯ ರಸ್ತೆಗಳು ದಕ್ಷಿಣದಿಂದ ಉತ್ತರಕ್ಕೆ, ಅವನ್ನು ಕತ್ತರಿಸುವ ಕ್ರಾಸ್‌ಗಳು ಸಾಲು ಸಾಲಾಗಿ. ಹತ್ತಿರ ಹತ್ತಿರ ಅಡ್ಡರಸ್ತೆ ಇರುವುದರಿಂದ ಎಲ್ಲಿಗೆ ಹೋಗಬೇಕಾದರೂ ಸುತ್ತಿ ಬಳಸಿ ಹೋಗಬೇಕಿಲ್ಲ. ಒಂದು ಬೀದಿಯಲ್ಲಿ ಬಿಸಿಲು ಹೆಚ್ಚೆನಿಸಿದರೆ ಮುಂದಿನ ಕ್ರಾಸಿನಲ್ಲಿ ತಿರುಗಿಕೊಂಡರಾಯಿತು. ಸಂಪಿಗೆ ರಸ್ತೆ ಎಂಬ ಹೆಸರು ಸಂಪಿಗೆ ಮರದ್ದು. ಮಾರ್ಗೋಸಾ ರಸ್ತೆಯ ಹೆಸರು ಬೇವಿನದ್ದು, ಬೇವಿಗೆ ಇಂಗ್ಲಿಷರು ಹೇಳುತ್ತಿದ್ದ ಹೆಸರೇ ಮಾರ್ಗೋಸಾ.

ಮನೆಗಳ ಹಿಂದೆ ಕಿರಿದಾದ ಓಣಿಗಳೂ ಇವೆ. ಇವನ್ನು ಕನ್ಸರ್ವೆನ್ಸಿ ಓಣಿ ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವ ಕೆಲಸಕ್ಕೆ ಜಾತಿಯ ಕಾರಣದಿಂದ ತಳ್ಳಲ್ಪಟ್ಟವರು ಓಡಾಡುತ್ತಿದ್ದ ದಾರಿ ಅದು. ಇಂದು ಕೆಲವು ಓಣಿಗಳು ವಾಹನಗಳ ಗದ್ದಲವಿಲ್ಲದ ಕಾಲುದಾರಿಗಳಾಗಿವೆ. ನಡೆಯುವಾಗ ಆ ಇತಿಹಾಸವೂ ನೆನಪಿರಲಿ.

ಈಗ ಫಾರ್ವರ್ಡ್‌ಗಳಿಗೆ ಬರೋಣ.

ಫಾರ್ವರ್ಡ್ 1: "ಅರಳಿ ನೂರಕ್ಕೆ ನೂರು, ಆಲ 80, ಬೇವು 75 ಇಂಗಾಲದ ಡೈಆಕ್ಸೈಡ್ ಹೀರುತ್ತದೆ"

ತೀರ್ಪು: ಅರ್ಥವಿಲ್ಲದ ಅಂಕಿ.

ನೂರಕ್ಕೆ ನೂರು ಅಂದರೆ ಯಾವುದರ ನೂರು? ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಪ್ರಮಾಣವೇ ಸುಮಾರು 0.04%. ಅದನ್ನು ಒಂದು ಮರ ಪೂರ್ತಿ ಹೀರಿಬಿಟ್ಟರೆ ಪಕ್ಕದ ಮರಕ್ಕೆ ಊಟವೇ ಇರುವುದಿಲ್ಲ. ಒಂದು ಮರ ಎಷ್ಟು ಹೀರುತ್ತದೆ ಎಂಬುದು ಅದರ ಜಾತಿಯೊಂದರಿಂದಲೇ ನಿರ್ಧಾರವಾಗುವುದಿಲ್ಲ. ಎಷ್ಟು ಎಲೆಗಳಿವೆ, ಎಷ್ಟು ಬಿಸಿಲು ಬೀಳುತ್ತಿದೆ, ಬೇರಿಗೆ ನೀರು ಸಿಗುತ್ತಿದೆಯೇ, ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹೀರಿದ ಇಂಗಾಲ ಕಾಂಡ, ಕೊಂಬೆ, ಬೇರಿನಲ್ಲಿ ಸೇರುತ್ತದೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಸರಿಸುಮಾರು ಅರ್ಧ ಇಂಗಾಲವೇ. ಹಾಗಾಗಿ ದೊಡ್ಡದಾಗಿ ಬೆಳೆದು, ಕೊಡಲಿ ಬೀಳದೆ ಬಹಳ ವರ್ಷ ಉಳಿದ ಮರವೇ ಹೆಚ್ಚು ಇಂಗಾಲ ಹಿಡಿದಿಟ್ಟ ಮರ. ಅದು ಅರಳಿಯೂ ಆಗಬಹುದು, ಹುಣಸೆಯೂ ಆಗಬಹುದು.

ಅರಳಿ, ಆಲ, ಬೇವು ನೆಡಬೇಕೇ? ಖಂಡಿತ ನೆಡಬೇಕು. ಅದಕ್ಕೆ ಸುಳ್ಳು ಅಂಕಪಟ್ಟಿ ಬೇಕಿಲ್ಲ.

ಫಾರ್ವರ್ಡ್ 2: "ಅರಳಿ 24 ಗಂಟೆಯೂ ಆಮ್ಲಜನಕ ಕೊಡುತ್ತದೆ" ಮತ್ತು "ರಾತ್ರಿ ಮರದ ಕೆಳಗೆ ಮಲಗಿದರೆ ಉಸಿರುಕಟ್ಟಿ ಸಾಯುತ್ತಾರೆ"

ತೀರ್ಪು: ಎರಡೂ ತಪ್ಪು.

ಈ ಎರಡು ಸಂದೇಶಗಳು ಒಂದಕ್ಕೊಂದು ವಿರುದ್ಧ. ಆದರೂ ಒಂದೇ ಗ್ರೂಪಿನಲ್ಲಿ ಓಡಾಡುತ್ತವೆ. ಎಲೆ ಆಮ್ಲಜನಕ ಬಿಡುಗಡೆ ಮಾಡುವುದು ಬೆಳಕಿನ ಶಕ್ತಿಯಿಂದ ನೀರಿನ ಅಣುವನ್ನು ಒಡೆದಾಗ. ಬೆಳಕಿಲ್ಲದಿದ್ದರೆ ಆ ಕೆಲಸ ನಿಲ್ಲುತ್ತದೆ. ಅರಳಿಗೂ ಅದೇ ನಿಯಮ. ಕಳ್ಳಿ, ಅನಾನಸ್, ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಕತ್ತಾಳೆಯಂಥ ಗಿಡಗಳು ನೀರು ಉಳಿಸಲು ರಾತ್ರಿ ಎಲೆರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಅವು ಕೂಡ ಆಮ್ಲಜನಕ ತಯಾರಿಸುವುದು ಬೆಳಕಿನಲ್ಲೇ. ಒಳಗೆ ತೆಗೆದುಕೊಳ್ಳುವುದು ಬೇರೆ, ಹೊರಗೆ ಕೊಡುವುದು ಬೇರೆ. ಗೊಂದಲ ಆಗಿರುವುದು ಇಲ್ಲೇ.

ರಾತ್ರಿ ಮರವೂ ನಮ್ಮ ಹಾಗೆ ಉಸಿರಾಡುತ್ತದೆ, ನಿಜ. ಆದರೆ ಬಯಲಿನಲ್ಲಿ ಗಾಳಿ ಆಡುತ್ತಲೇ ಇರುತ್ತದೆ, ಮರ ಬಿಟ್ಟ ಅನಿಲ ಒಂದೆಡೆ ನಿಲ್ಲುವುದಿಲ್ಲ. ಒಬ್ಬ ವಯಸ್ಕ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗಲು ಹೆದರದವರು ಅಂಗಳದ ಬೇವಿನ ಮರಕ್ಕೆ ಹೆದರಬೇಕಿಲ್ಲ.

ಹೆದರಬೇಕಾದದ್ದು ಬೇರೆ ಇದೆ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಮರದ ಕೆಳಗೆ ನಿಲ್ಲಬೇಡಿ. ಮುಂಗಾರಿಗೆ ಮುಂಚಿನ ಮಳೆಗಳಲ್ಲಿ ಹೊಲದಲ್ಲಿದ್ದವರು ಮರದಡಿ ಆಶ್ರಯ ಪಡೆದು ಸಿಡಿಲಿಗೆ ಬಲಿಯಾಗುವುದು ನಮ್ಮಲ್ಲಿ ಪ್ರತಿವರ್ಷದ ಸುದ್ದಿ. ಒಂಟಿ ಮರವಂತೂ ಇನ್ನೂ ಅಪಾಯ. ಫಾರ್ವರ್ಡ್ ಮಾಡಲೇಬೇಕೆಂದರೆ ಈ ಮಾತನ್ನು ಮಾಡಿ.

ಫಾರ್ವರ್ಡ್ 3: "ಒಂದು ಮರ ಹತ್ತು ಎಸಿಗೆ ಸಮ"

ತೀರ್ಪು: ಮೂಲದಲ್ಲಿ ಸತ್ಯವಿದೆ, ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದೆ.

ಬೆವರು ಆರಿದಾಗ ಮೈ ತಣ್ಣಗಾಗುತ್ತದಲ್ಲ, ಮರವೂ ಹಾಗೆಯೇ ಎಲೆಗಳ ಮೂಲಕ ನೀರನ್ನು ಆವಿಯಾಗಿಸಿ ಸುತ್ತಲಿನ ಶಾಖವನ್ನು ಬಳಸಿಕೊಳ್ಳುತ್ತದೆ. ಒಂದು ಮರ ದಿನಕ್ಕೆ 100 ಲೀಟರ್ ನೀರು ಆವಿಯಾಗಿಸಿತು ಎಂದುಕೊಳ್ಳಿ. ಅಷ್ಟು ನೀರು ಆವಿಯಾಗಲು ಸುಮಾರು 68 ಯೂನಿಟ್‌ನಷ್ಟು ಶಾಖಶಕ್ತಿ ಬೇಕು. ಒಂದು ಟನ್ನಿನ ಎಸಿ ಅಷ್ಟು ಶಾಖವನ್ನು ಹೊರಹಾಕಲು ಸುಮಾರು 19 ಗಂಟೆ ಓಡಬೇಕು. ಅಂದರೆ 100 ಲೀಟರ್ ಕುಡಿಯುವ ಮರ ಒಂದು ಎಸಿಗೆ ಸಮ. ಹತ್ತು ಎಸಿಗೆ ಸಮ ಆಗಬೇಕಾದರೆ ದಿನಕ್ಕೆ 1000 ಲೀಟರ್ ಬೇಕು. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ನೀರು ಕಡಿಮೆಯಾದಾಗ ಮರ ಎಲೆರಂಧ್ರ ಮುಚ್ಚಿಕೊಂಡು ಆವಿಯಾಗಿಸುವುದನ್ನು ಕಡಿಮೆ ಮಾಡುತ್ತದೆ. ಇನ್ನೊಂದು ಮಾತು: ಎಸಿಯ ತಂಪು ನಾಲ್ಕು ಗೋಡೆಯೊಳಗೆ ಉಳಿಯುತ್ತದೆ, ಮರದ ತಂಪನ್ನು ಗಾಳಿ ಊರಿಗೆಲ್ಲ ಹಂಚುತ್ತದೆ.

ಆದರೆ ನೀರಿನ ಲೆಕ್ಕ ಏನೇ ಇರಲಿ, ಮರದ ಇನ್ನೊಂದು ಕೆಲಸ ನಡೆಯುತ್ತಲೇ ಇರುತ್ತದೆ. ಬಿಸಿಲನ್ನು ನೆಲಕ್ಕೆ ಬೀಳದಂತೆ ತಡೆಯುವುದು. ಇದರ ಅಳತೆ ಬೆಂಗಳೂರಿನಲ್ಲೇ ಆಗಿದೆ.

ನೆರಳು ಎಷ್ಟು ತಂಪು? ಬೆಂಗಳೂರಿನ ಅಳತೆ

ಹರಿಣಿ ನಾಗೇಂದ್ರ ಮತ್ತು ಸಹಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲಿ ಮರವಿರುವ ಭಾಗ ಮತ್ತು ಮರವಿಲ್ಲದ ಭಾಗಗಳನ್ನು ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮರಗಳಿರುವ ಕಡೆ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ ಇತ್ತು. ಡಾಂಬರು ರಸ್ತೆಯ ಮೇಲ್ಮೈ ಉಷ್ಣತೆಯಲ್ಲಂತೂ ವ್ಯತ್ಯಾಸ 27.5 ಡಿಗ್ರಿವರೆಗೆ ಇತ್ತು. ಮರವಿದ್ದ ರಸ್ತೆ ಭಾಗಗಳಲ್ಲಿ ಶೇ. 80ರಷ್ಟು ಕಡೆ ಗಾಳಿಯ ದೂಳು ನಿಗದಿತ ಮಿತಿಯೊಳಗಿತ್ತು.

ಇವು ಅತಿ ಹೆಚ್ಚು ಕಂಡ ವ್ಯತ್ಯಾಸಗಳು, ಎಲ್ಲ ಬೀದಿಯಲ್ಲೂ ಇಷ್ಟೇ ಇರುತ್ತದೆ ಎಂದಲ್ಲ. ಆದರೂ ರಸ್ತೆ ಮೇಲ್ಮೈಯ ಆ ಸಂಖ್ಯೆಯನ್ನು ಗಮನಿಸಿ. ಕಾದ ಡಾಂಬರು ಕೆಳಗಿನಿಂದ ಶಾಖ ಉಗುಳುತ್ತದೆ, ಬಿಸಿಲು ಮೇಲಿನಿಂದ ಸುಡುತ್ತದೆ. ಎರಡರ ನಡುವೆ ಸಿಕ್ಕಿಕೊಂಡವರು ಯಾರು? ಪಿಂಚಣಿಗೆ ಹೊರಟ ಅಜ್ಜಿ, ಶಾಲೆ ಬಿಟ್ಟ ಮಕ್ಕಳು, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರು, ರಸ್ತೆ ಗುಡಿಸುವ ಪೌರಕಾರ್ಮಿಕರು. ಕಾರಿನಲ್ಲಿ ಕೂತವರಿಗೆ ಮರ ಒಂದು ನೋಟ. ಇವರಿಗೆ ಅದು ತಲೆಯ ಮೇಲಿನ ಸೂರು.

ಫಾರ್ವರ್ಡ್ 4: "ಮನೆ ಮುಂದೆ ಮರವಿದ್ದರೆ ಸೊಳ್ಳೆ, ಡೆಂಗಿ"

ತೀರ್ಪು: ಬಹುಪಾಲು ತಪ್ಪು.

ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಿನಲ್ಲಿ, ಎಲೆಯ ಮೇಲಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮುಚ್ಚಳವಿಲ್ಲದ ಡ್ರಮ್ಮು, ಸಂಪು, ಹಳೆಯ ಟೈರು, ಒಡೆದ ಮಡಕೆ, ಎಳನೀರಿನ ಬುರುಡೆ, ಹೂಕುಂಡದ ತಟ್ಟೆ ಸಾಕು. ಮರದ ಪೊಟರೆಯಲ್ಲಿ ಮಳೆನೀರು ನಿಂತರೆ ಅಲ್ಲಿಯೂ ಬೆಳೆಯಬಹುದು ಎಂಬುದಷ್ಟೇ ಈ ಮಾತಿನಲ್ಲಿರುವ ಸತ್ಯಾಂಶ. ಮರಿಹುಳು ರೆಕ್ಕೆ ಬಲಿತು ಹಾರಲು ಸುಮಾರು ಒಂದು ವಾರ ಬೇಕು. ಆದ್ದರಿಂದ ವಾರಕ್ಕೊಮ್ಮೆ ಪಾತ್ರೆಗಳನ್ನು ಖಾಲಿ ಮಾಡಿ, ಉಜ್ಜಿ, ಒಣಗಿಸಿ. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಊರುಗಳಲ್ಲಿ ನೀರು ಶೇಖರಿಸುವುದು ಅನಿವಾರ್ಯ, ಅಲ್ಲಿ ಮುಚ್ಚಳವೇ ಮದ್ದು. ಮರ ಕಡಿದು ಡ್ರಮ್ಮು ತೆರೆದಿಟ್ಟರೆ ನೆರಳು ಹೋಗುತ್ತದೆ, ಸೊಳ್ಳೆ ಉಳಿಯುತ್ತದೆ.

ಫಾರ್ವರ್ಡ್ 5: "ದಿನಕ್ಕೆ 10,000 ಹೆಜ್ಜೆ ನಡೆಯದಿದ್ದರೆ ಪ್ರಯೋಜನವಿಲ್ಲ"

ತೀರ್ಪು: ತಪ್ಪು.

ಈ ಸಂಖ್ಯೆ ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಅಂಗಡಿಯಲ್ಲಿ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ಬಿಟ್ಟಿತು. ಅದರ ಹೆಸರು ಮಾನ್ಪೋಕೆಯಿ, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರೇ ನಿಯಮವಾಗಿಬಿಟ್ಟಿತು.

2019ರಲ್ಲಿ ಐ-ಮಿನ್ ಲೀ ನೇತೃತ್ವದಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಬಗ್ಗೆ ನಡೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುತ್ತಿದ್ದವರಿಗೆ ಹೋಲಿಸಿದರೆ ಸುಮಾರು 4,400 ಹೆಜ್ಜೆ ಹಾಕುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. ಸುಮಾರು 7,500 ಹೆಜ್ಜೆಯ ನಂತರ ಲಾಭ ಮತ್ತೆ ಹೆಚ್ಚಲಿಲ್ಲ. ಆರೋಗ್ಯವಾಗಿರುವವರೇ ಹೆಚ್ಚು ನಡೆಯುತ್ತಾರೆ ಎಂಬ ಸಾಧ್ಯತೆಯೂ ಇಂಥ ಅಧ್ಯಯನಗಳಲ್ಲಿ ಇದ್ದೇ ಇರುತ್ತದೆ. ಆದರೂ ಸಂದೇಶ ಸ್ಪಷ್ಟ: ಸ್ವಲ್ಪ ನಡೆದರೂ ಲಾಭವಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ದೈಹಿಕ ಚಟುವಟಿಕೆ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಐದೇ ದಿನದಲ್ಲಿ 150 ನಿಮಿಷ ಆಯಿತು.

ನಡೆದೇ ತಲುಪಬಹುದಾದ ಬಡಾವಣೆಯ ಗುಟ್ಟು ಇಲ್ಲಿದೆ. ಅಲ್ಲಿ ವ್ಯಾಯಾಮಕ್ಕೆಂದು ಬೇರೆ ಸಮಯ ತೆಗೆದಿಡಬೇಕಿಲ್ಲ. ಹಾಲಿಗೆ, ಹೂವಿಗೆ, ಬಸ್ಸಿಗೆ ಹೋಗಿ ಬರುವಷ್ಟರಲ್ಲಿ ಹೆಜ್ಜೆ ತಾನಾಗಿ ಸೇರುತ್ತದೆ. ಹೃದಯ, ಮಂಡಿ, ಸಕ್ಕರೆ ಕಾಯಿಲೆಯ ತೊಂದರೆ ಇರುವವರು ಎಷ್ಟು ನಡೆಯಬೇಕೆಂದು ವೈದ್ಯರನ್ನೇ ಕೇಳಿ.

ಫಾರ್ವರ್ಡ್ 6: "ಹಳೆಯ ಮರ ಯಾವಾಗಲಾದರೂ ಬೀಳುತ್ತದೆ, ಕಡಿಸಿಬಿಡಿ"

ತೀರ್ಪು: ಭಯ ನಿಜ, ಪರಿಹಾರ ತಪ್ಪು.

ಮಳೆಗಾಲದಲ್ಲಿ ಮರ ಉರುಳಿ ಜನರಿಗೆ ಅಪಾಯವಾಗಿರುವುದುಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮರ ಬೀಳಲು ವಯಸ್ಸೊಂದೇ ಕಾರಣವಲ್ಲ. ಚರಂಡಿಗೆ, ಕೇಬಲ್ಲಿಗೆ ಅಗೆಯುವಾಗ ಬೇರು ಕತ್ತರಿಸುತ್ತೇವೆ. ಬುಡದವರೆಗೂ ಕಾಂಕ್ರೀಟು ಸುರಿದು ನೀರು, ಗಾಳಿ ಬೇರಿಗೆ ಇಳಿಯದಂತೆ ಮಾಡುತ್ತೇವೆ. ವಿದ್ಯುತ್ ತಂತಿಗೆಂದು ಒಂದೇ ಕಡೆಯ ಕೊಂಬೆ ಕಡಿದು ಭಾರ ಇನ್ನೊಂದು ಕಡೆಗೆ ವಾಲುವಂತೆ ಮಾಡುತ್ತೇವೆ. ಆಮೇಲೆ ಮರ ಬಿದ್ದಾಗ ಮರವನ್ನೇ ದೂರುತ್ತೇವೆ.

2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ದೂರದವರೆಗಿನ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ಆ ಒಂದು ಮೀಟರ್ ಮಣ್ಣು ಎಲ್ಲ ಊರಿನ ಮರಕ್ಕೂ ಬೇಕು. ಟೊಳ್ಳು, ಬುಡದಲ್ಲಿ ಬಿರುಕು, ಹೊಸದಾಗಿ ವಾಲಿರುವುದು, ಬುಡದಲ್ಲಿ ಅಣಬೆ ಕಂಡರೆ ಅರಣ್ಯ ಇಲಾಖೆಗೋ ಸ್ಥಳೀಯ ಸಂಸ್ಥೆಗೋ ತಿಳಿಸಿ, ಪರೀಕ್ಷೆ ಮಾಡಿಸಿ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ನಗರ ಪ್ರದೇಶದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಮರ ನಿಮ್ಮ ಸ್ವಂತ ಜಾಗದಲ್ಲಿದ್ದರೂ ಸರಿ.

ಮಲ್ಲೇಶ್ವರದ ಮರಗಳೂ ತಾವಾಗಿ ಉಳಿದಿಲ್ಲ. 2023ರಲ್ಲಿ ಸ್ಯಾಂಕಿ ಕೆರೆ ಪಕ್ಕದ ಮೇಲ್ಸೇತುವೆ ಯೋಜನೆಯನ್ನು ವಿರೋಧಿಸಿ ನಿವಾಸಿಗಳು ಬೀದಿಗಿಳಿದರು. ಮರ ಉಳಿದ ಕಡೆಯಲ್ಲೆಲ್ಲ ಅದನ್ನು ಉಳಿಸಲು ನಿಂತವರು ಯಾರೋ ಇದ್ದೇ ಇರುತ್ತಾರೆ.

ನೀವೇ ನಡೆದು ನೋಡಿ

ಚಿತ್ರದುರ್ಗದ ಕಡೆಯಿಂದ ಕೆಲಸಕ್ಕೋ ಓದಿಗೋ ಬೆಂಗಳೂರಿಗೆ ಬಂದವರು ಒಂದು ಭಾನುವಾರ ಹೀಗೆ ಸುತ್ತಬಹುದು. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ಸಂಪಿಗೆ ರಸ್ತೆಯಲ್ಲಿ ಉತ್ತರಕ್ಕೆ ನಡೆಯಿರಿ. ಎಂಟನೇ ಕ್ರಾಸಿನ ಹೂವು, ತರಕಾರಿ, ಬಟ್ಟೆ ಅಂಗಡಿಗಳನ್ನು ದಾಟಿ ಮಾರ್ಗೋಸಾ ರಸ್ತೆಗೆ ಬನ್ನಿ. ಹದಿನೈದನೇ ಕ್ರಾಸಿನ ಕಡೆ ಇಡ್ಲಿ ತಿಂದು ಕಾಡು ಮಲ್ಲೇಶ್ವರ ದೇವಸ್ಥಾನ ನೋಡಿ, ಅಲ್ಲಿಂದ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗೆ ಹೋಗಿ.

ದಾರಿಯಲ್ಲಿ ಮೂರು ಸಂಗತಿ ಗಮನಿಸಿ. ಒಂದು, ನೆರಳಿನಿಂದ ಬಿಸಿಲಿಗೆ ದಾಟಿದಾಗ ಮೈಗೆ ತಿಳಿಯುವ ವ್ಯತ್ಯಾಸ. ಎರಡು, ಪ್ರತಿ ಮರದ ಬುಡದಲ್ಲಿ ಮಣ್ಣು ಕಾಣುತ್ತಿದೆಯೇ, ಬರೀ ಸಿಮೆಂಟೇ. ಮೂರು, ಫುಟ್‌ಪಾತ್ ಬಿಟ್ಟು ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡೆತಡೆ ಇಲ್ಲದೆ ಇರಬೇಕು. ನಡೆದರೆ ಗೊತ್ತಾಗುತ್ತದೆ, ಮಲ್ಲೇಶ್ವರವೂ ಎಲ್ಲ ಕಡೆ ಪಾಸಾಗುವುದಿಲ್ಲ.

ಹೊರಕೆರೆದೇವಪುರಕ್ಕೆ ಇದರಿಂದ ಏನು?

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರ ಬಯಲುಸೀಮೆಯ ಊರು. ಇಲ್ಲಿಗೆ ಮಲ್ಲೇಶ್ವರದ ನಕ್ಷೆ ತರಬೇಕಿಲ್ಲ. ಯೋಜಕರು ಕಷ್ಟಪಟ್ಟು ಸಾಧಿಸಿದ ಒಂದು ಗುಣ ನಮ್ಮ ಹಳ್ಳಿ, ಹೋಬಳಿಗಳಿಗೆ ಹುಟ್ಟಿನಿಂದಲೇ ಇದೆ: ಎಲ್ಲವೂ ಕಾಲ್ನಡಿಗೆಯ ದೂರ. ಶಾಲೆ, ಅಂಗಡಿ, ದೇವಸ್ಥಾನ, ಬಸ್ ನಿಲ್ದಾಣಕ್ಕೆ ಜನ ನಡೆದೇ ಹೋಗುತ್ತಾರೆ. ಕೊರತೆ ಬೀಳುವುದು ನೆರಳಿಗೆ, ರಸ್ತೆ ಅಗಲವಾದಾಗ ಮೊದಲು ಹೋಗುವುದೂ ಅದೇ.

ಬಯಲುಸೀಮೆಗೆ ಒಗ್ಗುವ ಮರಗಳು ನಮ್ಮಲ್ಲೇ ಇವೆ: ಹೊಂಗೆ, ಬೇವು, ಹುಣಸೆ, ನೇರಳೆ. ಹೊಂಗೆ ನೆರಳು ತಂಪು ಎಂದು ಹಿರಿಯರು ಹೇಳುವುದಕ್ಕೆ ಕಾರಣವೂ ಇದೆ. ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸುವ ಹೊಂಗೆ ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರಿನಿಂದ ತುಂಬಿಕೊಳ್ಳುತ್ತದೆ. ಆಲ, ಅರಳಿಗೆ ಕಟ್ಟೆ, ಕೆರೆ ಏರಿ, ಬಯಲು ಬೇಕು. ಅವನ್ನು ಗೋಡೆ ಪಕ್ಕ, ತಂತಿ ಕೆಳಗೆ ನೆಟ್ಟು ಹತ್ತು ವರ್ಷಕ್ಕೆ ಕಡಿಯುವುದಕ್ಕಿಂತ ನೆಡದಿರುವುದೇ ವಾಸಿ.

ನೆಡುವುದಕ್ಕಿಂತ ಕಷ್ಟ ಬದುಕಿಸುವುದು. ಪರಿಸರ ದಿನದಂದು ಫೋಟೊ ತೆಗೆಸಿಕೊಂಡ ಸಸಿಗೆ ಜನವರಿಯಿಂದ ಮೇವರೆಗೆ ನೀರು ಹಾಕುವವರು ಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಾಲು ಬೆಳೆಸಿದ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಮಾಡಿದ್ದು ಅದನ್ನೇ. ಗಿಡ ನೆಟ್ಟು ಸುಮ್ಮನಾಗಲಿಲ್ಲ. ದೂರದಿಂದ ನೀರು ಹೊತ್ತು ತಂದು ಹಾಕಿದರು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದರು.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

* ಯಾವ ಮರವೂ ಕತ್ತಲಲ್ಲಿ ಆಮ್ಲಜನಕ ತಯಾರಿಸುವುದಿಲ್ಲ. ರಾತ್ರಿ ಉಸಿರುಗಟ್ಟಿಸಿ ಕೊಲ್ಲುವುದೂ ಇಲ್ಲ.
* ಗುಡುಗು ಸಿಡಿಲಿನಲ್ಲಿ ಮರದಡಿ ನಿಲ್ಲಬೇಡಿ.
* ಡೆಂಗಿಗೆ ಕಾರಣ ಮರವಲ್ಲ, ನಿಂತ ನೀರು. ಡ್ರಮ್ಮು ಮುಚ್ಚಿಡಿ.
* 10,000 ಹೆಜ್ಜೆ ಕಡ್ಡಾಯವಲ್ಲ. ಇಂದು ನಡೆಯುವುದಕ್ಕಿಂತ ಸ್ವಲ್ಪ ಹೆಚ್ಚು ನಡೆಯಿರಿ.
* ಮರದ ಬುಡಕ್ಕೆ ಒಂದು ಮೀಟರ್ ಮಣ್ಣು ಬಿಡಿ.
* ನಿಮ್ಮ ಮನೆಯಿಂದ ಶಾಲೆಗೋ ಬಸ್ ನಿಲ್ದಾಣಕ್ಕೋ ಹೋಗುವ ದಾರಿಯಲ್ಲಿ ನೆರಳಿಲ್ಲದ ಜಾಗ ಯಾವುದೆಂದು ಗುರುತಿಸಿ. ಮುಂದಿನ ಮಳೆಗೆ ಸಸಿ ನೆಡಬೇಕಾದದ್ದು ಅಲ್ಲೇ.